ತಾಮ್ರದ ತಗಡಿನಲ್ಲಿ ಹಿಂದೂಜನ: ಸಾಲ್ವಿನ್ಸನ ಎಚ್ಚಿಂಗ್ ಚಿತ್ರಗಳ ವಿಮರ್ಶೆ

೧

ಐರೋಪ್ಯರು ಅನ್ಯದೇಶಗಳ ಜನರನ್ನೂ ಅವರ ಆಚಾರವ್ಯವಹಾರಗಳನ್ನೂ ಚಿತ್ರಿಸಿ ಪ್ರಕಟಿಸಿದ ಗ್ರಂಥಗಳು ಇಂದು ಚರಿತ್ರಕಾರರಿಗೆ ಆಕರಗಳಾಗಿವೆ. ಹದಿನೆಂಟನೆಯ ಶತಮಾನದ ಕಡೆಯಲ್ಲಿ ಬಂಗಾಳದ ಅಂಬಿಗನು ಎಂತಹ ದೋಣಿಯನ್ನು ನಡೆಯಿಸುತ್ತಿದ್ದನು, ವೈಣಿಕನು ವೀಣೆಯನ್ನು ಯಾವ ಭಂಗಿಯಲ್ಲಿ ಹಿಡಿಯುತ್ತಿದ್ದನು, ಬೋಯಿಗಳು ಪಲ್ಲಕ್ಕಿಯನ್ನು ಹೇಗೆ ಹೊರುತ್ತಿದ್ದರು ಎಂಬ ಪ್ರಶ್ನೆಗಳಿಗೆ ಲಿಖಿತಪ್ರಮಾಣಗಳು ಸಾಲದೆ ಹೋದಲ್ಲಿ ಇಂತಹ ಚಿತ್ರವೊಂದನ್ನು ಮುಂದಿಟ್ಟು ವಾದವನ್ನು ಮುಗಿಸುವ ವಾಡಿಕೆಯುಂಟು. ಆದರೆ ಚಿತ್ರವು ಪ್ರಮಾಣವಾಗುವುದು ಎಷ್ಟರಮಟ್ಟಿಗೆ, ಯಾವ ವಿಷಯದಲ್ಲಿ ಎಂಬ ವಿಚಾರವನ್ನು ನಡೆಯಿಸಿದವರು ವಿರಳ.

ಈ ವಿಷಯದಲ್ಲಿ ಎರಡು ಪಕ್ಷಗಳು ಪ್ರಚಾರದಲ್ಲಿರುವುವು. ಚಿತ್ರಗಾರನು ಪ್ರತ್ಯಕ್ಷವಾಗಿ ಕಂಡುದನ್ನೇ ಬರೆದಿರುವನಾದುದರಿಂದ ಅವನ ಚಿತ್ರವು ಪ್ರತ್ಯಕ್ಷಕ್ಕೆ ಸಮಾನವೆಂಬುದು ಒಂದು. ಪರದೇಶದವನು, ಅದರಲ್ಲಿಯೂ ಆಳುವ ಜನರ ನೆರಳಿನಲ್ಲಿದ್ದವನು, ಬರೆದುದೆಲ್ಲವೂ ಅವನ ಮನಸ್ಸಿನ ಕಲ್ಪನೆಯೇ ಆದುದರಿಂದ ಅದು ಅವನ ದೇಶದ ಚರಿತ್ರೆಗೆ ಸಾಧಕವೇ ಹೊರತು ನಮ್ಮ ದೇಶದ ಚರಿತ್ರೆಗೆ ಅಲ್ಲವೆಂಬುದು ಮತ್ತೊಂದು. ಮೊದಲನೆಯದು ಅತಿಯಾದ ಶ್ರದ್ಧೆ. ಎರಡನೆಯದು ಅತಿಯಾದ ಶಂಕೆ. ಇವೆರಡೂ ಚಿತ್ರವು ಸಿದ್ಧವಾದ ಬಗೆಯನ್ನು, ಎಂದರೆ ಅದರ ಹಿಂದಿರುವ ಕೈಗೆಲಸವನ್ನು, ಪರೀಕ್ಷಿಸದೆ ಹುಟ್ಟಿದ ಮತಗಳಾಗಿವೆ. ಓಲೆಗರಿಯ ಪ್ರತಿಯನ್ನು ಶೋಧಿಸುವ ಪಂಡಿತನು ಲಿಪಿಕಾರನ ಕೈವಾಡವನ್ನು ತಿಳಿಯದೆ ಪಾಠನಿರ್ಣಯಕ್ಕೆ ಹೊರಡುವುದುಂಟೆ? ಅಚ್ಚುಚಿತ್ರದ ವಿಷಯದಲ್ಲಿಯೂ ನ್ಯಾಯವು ಒಂದೇ.

ಈ ವಿಚಾರಕ್ಕೆ ಫ್ಲೆಮಿಷ್ ಚಿತ್ರಗಾರನಾದ ಬಾಲ್ತಜಾರ್ ಸಾಲ್ವಿನ್ಸನ ಗ್ರಂಥಕ್ಕಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ. ಹಿಂದೂಗಳ ಆಚಾರ, ವೃತ್ತಿ, ಉಡುಗೆತೊಡಿಗೆಗಳನ್ನು ಕುರಿತು ೨೫೦ ಬಣ್ಣದ ಎಚ್ಚಿಂಗ್ ಚಿತ್ರಗಳನ್ನು ಅವನು ಕಲ್ಕತ್ತೆಯಲ್ಲಿಯೇ ತಾನೇ ಬರೆದು, ತಾನೇ ತಾಮ್ರದಮೇಲೆ ತೆಗೆದು ಪ್ರಕಟಿಸಿದನು. ಅದೇ ವಿಷಯವು ಬಳಿಕ ಲಂಡನ್ನಿನಲ್ಲಿಯೂ ಪ್ಯಾರಿಸಿನಲ್ಲಿಯೂ ಬೇರೆ ಬೇರೆ ರೂಪಗಳನ್ನು ತಾಳಿತು. ಒಂದು ಕೃತಿಗೆ ಮೂರು ಶಾಖೆಗಳ ಪ್ರತಿಗಳು ದೊರೆತರೆ ಪಾಠಶೋಧಕನಿಗೆ ಎಷ್ಟು ಅನುಕೂಲವೋ ಇಲ್ಲಿ ವಿಮರ್ಶಕನಿಗೂ ಅಷ್ಟು ಅನುಕೂಲ.

೨

ಮೊದಲು ಎಚ್ಚಿಂಗ್ ಎಂಬ ಕೆಲಸದ ಸ್ವರೂಪವನ್ನು ತಿಳಿಯತಕ್ಕದ್ದು. ಲೋಹದ ತಗಡಿನಿಂದ ಚಿತ್ರವನ್ನು ಅಚ್ಚುಹಾಕುವುದರಲ್ಲಿ ಮುಖ್ಯವಾಗಿ ಎರಡು ಮಾರ್ಗಗಳುಂಟು. ಉಳಿಯನ್ನು ಹಿಡಿದು ತಾಮ್ರವನ್ನೇ ಕೆತ್ತುವುದು ಒಂದು. ನಮ್ಮ ತಾಮ್ರಶಾಸನಗಳ ಅಕ್ಷರಗಳನ್ನು ನೋಡಿದವರಿಗೆ ಈ ಕ್ರಮವು ಅಪರಿಚಿತವಲ್ಲ. ಇದರಲ್ಲಿ ತೋಳಿನ ಬಲವೂ ಬಹುಕಾಲದ ಅಭ್ಯಾಸವೂ ಬೇಕು. ಎರಡನೆಯದಾದ ಎಚ್ಚಿಂಗ್‌ನಲ್ಲಿ ಕೊರೆಯುವುದು ಉಳಿಯಲ್ಲ, ದ್ರಾವಕ. ನಯಮಾಡಿದ ತಾಮ್ರದ ತಗಡಿಗೆ ಮೇಣ ರಾಳ ಮೊದಲಾದುವುಗಳನ್ನು ಕೂಡಿಸಿದ ಲೇಪವನ್ನು ತೆಳುವಾಗಿ ಬಳಿದು, ಅದನ್ನು ದೀಪದ ಹೊಗೆಗೆ ಹಿಡಿದು ಕಪ್ಪು ಮಾಡುವರು. ಆ ಕಪ್ಪಿನಮೇಲೆ ಉಕ್ಕಿನ ಸೂಜಿಯಿಂದ ಚಿತ್ರವನ್ನು ಬರೆದರೆ ಗೆರೆ ಹೋದಲ್ಲಿ ಲೇಪವು ಕಿತ್ತು ತಾಮ್ರವು ಹೊಳೆಯುವುದು. ಆಮೇಲೆ ತಗಡಿಗೆ ನೀರು ಬೆರಸಿದ ನೈಟ್ರಿಕ್ ದ್ರಾವಕವನ್ನು ಎರೆದರೆ ಅದು ಲೇಪವನ್ನು ಮುಟ್ಟದೆ ತೆರೆದ ಗೆರೆಗಳನ್ನು ಮಾತ್ರ ತಿನ್ನುವುದು. ಸಣ್ಣಗೆ ಇರಬೇಕಾದ ಗೆರೆಗಳನ್ನು ಬೇಗನೆ ಮೆರುಗೆಣ್ಣೆಯಿಂದ ಮುಚ್ಚಿಬಿಟ್ಟು, ದಪ್ಪವಾಗಬೇಕಾದುವನ್ನು ಮತ್ತೆ ಮತ್ತೆ ದ್ರಾವಕಕ್ಕೆ ಒಡ್ಡುವರು. ದೂರದ ಮರ ತಿಳಿಯಾಗಿಯೂ ಹತ್ತಿರದ ಮನುಷ್ಯ ಗಾಢವಾಗಿಯೂ ತೋರುವುದು ಈ ಯುಕ್ತಿಯಿಂದಲೇ. ಕಡೆಗೆ ಲೇಪವನ್ನು ತೆಗೆದು, ಗೆರೆಗಳ ಕುಳಿಗಳಿಗೆ ಮಸಿಯನ್ನು ತುಂಬಿ, ಮೇಲುಭಾಗವನ್ನು ಒರಸಿ, ನೆನೆಸಿದ ಕಾಗದವನ್ನು ಹೊದಿಸಿ, ಉರುಳೆಯ ಯಂತ್ರದಲ್ಲಿ ಒತ್ತಿ ಮುದ್ರೆಯನ್ನು ಪಡೆಯುವರು.

ಈ ವಿದ್ಯೆಯು ಯೂರೋಪಿನಲ್ಲಿ ಕವಚಗಳನ್ನೂ ಆಯುಧಗಳನ್ನೂ ಅಲಂಕರಿಸುವ ಕಮ್ಮಾರರ ಅಂಗಡಿಯಿಂದ ಬಂದುದು. ಜರ್ಮನಿಯ ಔಗ್ಸ್‌ಬರ್ಗಿನಲ್ಲಿದ್ದ ಡೇನಿಯಲ್ ಹೋಪ್‌ಫರನು ೧೬ನೆಯ ಶತಮಾನದ ಆದಿಯಲ್ಲಿ ಇದನ್ನು ಕಾಗದದ ಮುದ್ರೆಗೆ ತಂದವರಲ್ಲಿ ಪ್ರಮುಖನು. ಡ್ಯೂರರನೂ ೧೫೧೫ರಿಂದ ೧೫೧೮ರ ವರೆಗೆ ಕಬ್ಬಿಣದ ತಗಡುಗಳಲ್ಲಿ ಕೆಲವನ್ನು ತೆಗೆದನು. ೧೭ನೆಯ ಶತಮಾನದಲ್ಲಿ ಫ್ರಾನ್ಸಿನ ಕಲ್ಲೋ ಲೇಪವನ್ನು ಗಟ್ಟಿಮಾಡುವ ಕ್ರಮವನ್ನು ಬಳಕೆಗೆ ತಂದನು. ಅಬ್ರಹಾಂ ಬಾಸ್ಸನು ೧೬೪೫ರಲ್ಲಿ ಈ ಕೈಗೆಲಸಕ್ಕೆ ಲಕ್ಷಣಗ್ರಂಥವನ್ನೇ ಬರೆದನು. ಹಾಲೆಂಡಿನ ರೆಂಬ್ರಾಂಟನು ಇದನ್ನು ಕಲೆಯ ಶಿಖರಕ್ಕೆ ಏರಿಸಿದನು.

ಈ ಪ್ರಕ್ರಿಯೆಯಿಂದ ವಿಮರ್ಶೆಗೆ ಬೇಕಾದ ಮೂರು ಸಂಗತಿಗಳು ಸಿದ್ಧಿಸುತ್ತವೆ. ಮೊದಲನೆಯದು, ಸೂಜಿಯು ಮೃದುವಾದ ಲೇಪದಲ್ಲಿ ಲೇಖನಿಯಂತೆ ಓಡುವುದರಿಂದ ಚಿತ್ರಗಾರನು ಕೆತ್ತನೆಗಾರನ ಹಂಗಿಲ್ಲದೆ ತಾನೇ ತಗಡನ್ನು ಸಿದ್ಧಪಡಿಸಬಹುದು. ಎರಡನೆಯದು, ಬೆಳಕುನೆರಳುಗಳನ್ನೆಲ್ಲ ಗೆರೆಗಳ ಜಾಲದಿಂದಲೇ ತೋರಿಸಬೇಕಾದುದರಿಂದ ಆ ಜಾಲದ ಪದ್ಧತಿಯು ಚಿತ್ರಗಾರನ ಶಿಕ್ಷಣದಿಂದ ಬಂದುದೇ ಹೊರತು ಎದುರಿಗಿರುವ ವಸ್ತುವಿನಿಂದ ಬಂದುದಲ್ಲ. ಮೂರನೆಯದು, ಮುದ್ರೆಯಲ್ಲಿ ಎಡಬಲಗಳು ಪಲ್ಲಟವಾಗುವುವು. ಚಿತ್ರಗಾರನು ಮೊದಲೇ ತಿರುಗಿಸಿ ಬರೆದುಕೊಳ್ಳದಿದ್ದರೆ ಬಲಗೈಯಲ್ಲಿ ಉಣ್ಣುವವನು ಎಡಗೈಯಲ್ಲಿ ಉಣ್ಣುವನು. ಎಡ ಹೆಗಲಿನ ಯಜ್ಞೋಪವೀತವು ಬಲ ಹೆಗಲಿಗೆ ಬಂದು, ದೇವಕಾರ್ಯದಲ್ಲಿರುವ ಬ್ರಾಹ್ಮಣನು ಪಿತೃಕಾರ್ಯದಲ್ಲಿರುವವನಾಗಿ ತೋರುವನು. ಇಂತಹ ಸ್ಥಳದಲ್ಲಿ ಆಚಾರಭೇದವನ್ನು ಊಹಿಸಿ ಲೇಖನವನ್ನು ಬರೆಯುವುದಕ್ಕೆ ಮುನ್ನ ತಾಮ್ರದ ಸ್ವಭಾವವನ್ನು ನೆನೆಯುವುದು ಕ್ಷೇಮ.

೩

ಸಾಲ್ವಿನ್ಸನಿಗೆ ಹಿಂದೆ ಯೂರೋಪಿನಲ್ಲಿ ಹಿಂದೂದೇಶದ ಚಿತ್ರವು ಹೇಗಿದ್ದಿತೆಂಬುದನ್ನು ಸಂಕ್ಷೇಪವಾಗಿ ಹೇಳಬೇಕು. ಇಟಲಿಯ ವಾರ್ತೆಮನ ಪ್ರವಾಸಗ್ರಂಥವು ೧೫೧೦ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಅದರಲ್ಲಿ ಕಲ್ಲಿಕೋಟೆಯ ಅರಸನ ದೇವರನ್ನು ಕೊಂಬುಗಳುಳ್ಳ, ಪೋಪರ ಕಿರೀಟದಂತಹ ಕಿರೀಟವನ್ನು ಧರಿಸಿದ ಪಿಶಾಚವಾಗಿ ವರ್ಣಿಸಲಾಗಿದೆ. ೧೫೧೫ರ ಔಗ್ಸ್‌ಬರ್ಗಿನ ಆವೃತ್ತಿಗೆ ಯೋರ್ಗ್ ಬ್ರಾಯನು ಮರದಚ್ಚಿನ ಚಿತ್ರಗಳನ್ನು ರಚಿಸಿದನು. ಅವನು ಕಲ್ಲಿಕೋಟೆಯನ್ನು ಕಂಡವನಲ್ಲ. ತನ್ನ ಊರಿನ ಇಗರ್ಜಿಯ ಗೋಡೆಗಳಲ್ಲಿ ಕಾಣಬಹುದಾದಂತಹ ಪಿಶಾಚವನ್ನೇ ಹಿಂದೂದೇವತೆಯ ಪೀಠದಲ್ಲಿ ಕುಳ್ಳಿರಿಸಿದನು. ಇಂತಹ ವಿಕಾರಗಳ ಪರಂಪರೆಯನ್ನು ಪಾರ್ಥ ಮಿತ್ತರ್ ಅವರು ೧೯೭೭ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿರುವರು. ೧೭೨೩ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ, ಸಕಲ ಜನಾಂಗಗಳ ಮತಾಚಾರಗಳನ್ನು ಕುರಿತ ಮಹಾಗ್ರಂಥಕ್ಕೆ ಬರ್ನಾರ್ ಪಿಕಾರನು ಚಿತ್ರಗಳನ್ನು ಒದಗಿಸಿದನು. ಇವನ ದೃಷ್ಟಿಯು ಬ್ರಾಯನದಕ್ಕಿಂತ ಬಹಳ ಉದಾರವಾದುದು. ಎಲ್ಲ ಮತಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಿದ ಗೌರವವು ಆ ಗ್ರಂಥಕ್ಕೆ ಸಲ್ಲುವುದು. ಆದರೂ ಪಿಕಾರನು ಯೂರೋಪನ್ನು ಬಿಟ್ಟು ಹೋದವನಲ್ಲ. ಪ್ರವಾಸಿಗಳ ಬರಹಗಳನ್ನೂ ಹಳೆಯ ಚಿತ್ರಗಳನ್ನೂ ನೋಡಿ ಕುಶಲವಾದ ಕೈಯಿಂದ ತಿದ್ದಿ ತೀಡಿದನು. ಆದುದರಿಂದ ಅಲ್ಲಿ ಕೌಶಲವು ಹೆಚ್ಚಿದಷ್ಟೂ ತಪ್ಪು ನಂಬಿಕೆಗೆ ಅರ್ಹವಾಗುತ್ತಾ ಹೋಗಿದೆ.

ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಚಿತ್ರಗಳನ್ನು ವಿಭಾಗಿಸುವಾಗ, ಎದುರಿನ ವಸ್ತುವಿಗೆ ತದ್ವತ್ತಾದ ಸಾದೃಶ್ಯವುಳ್ಳುದನ್ನು ವಿದ್ಧವೆಂದೂ, ಆಕಾರಮಾತ್ರವನ್ನು ಸಾಧಿಸಿ ಬರೆದುದನ್ನು ಅವಿದ್ಧವೆಂದೂ ಹೆಸರಿಸಿರುವನು. ಈ ಪರಿಭಾಷೆಯಿಂದ ನೋಡಿದರೆ ಬ್ರಾಯ್ ಮತ್ತು ಪಿಕಾರರ ಹಿಂದೂದೇಶವು ಅವಿದ್ಧ. ಅವಿದ್ಧವೆಂಬುದು ದೋಷವಲ್ಲ, ಅವಿದ್ಧವನ್ನು ವಿದ್ಧವೆಂದು ಮಾರಿದುದೇ ದೋಷ.

೪

ಸಾಲ್ವಿನ್ಸನು ೧೭೬೦ರಲ್ಲಿ ಆಂಟ್‌ವರ್ಪ್ ನಗರದಲ್ಲಿ ಹುಟ್ಟಿದನು. ಹಡಗುಗಳನ್ನೂ ರೇವುಗಳನ್ನೂ ಬರೆಯುವ ಚಿತ್ರಗಾರನೆಂದು ಮೊದಲು ಹೆಸರುಗೊಂಡನು. ೧೭೯೧ರಲ್ಲಿ ಕಲ್ಕತ್ತೆಗೆ ಬಂದು ೧೮೦೩ರ ವರೆಗೆ ಅಲ್ಲಿದ್ದನು. ಅಲ್ಲಿನ ಬ್ರಿಟಿಷ್ ಸಮಾಜದಲ್ಲಿ ಅವನಿಗೆ ದೊಡ್ಡ ಸ್ಥಾನವೇನೂ ದೊರೆಯಲಿಲ್ಲ. ಸಾರೋಟುಗಳಿಗೂ ಪಲ್ಲಕ್ಕಿಗಳಿಗೂ ಬಣ್ಣದ ಅಲಂಕಾರ ಮಾಡಿ, ಹಳೆಯ ಚಿತ್ರಗಳನ್ನು ತೊಳೆದು ಸರಿಪಡಿಸಿ ಜೀವಿಸುತ್ತಿದ್ದನು. ೧೭೮೪ರಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ಸರ್ ವಿಲಿಯಂ ಜೋನ್ಸನ ಸಂಶೋಧನೆಗಳಿಂದ ಪ್ರೇರಿತನಾಗಿ ಹಿಂದೂಜನರ ಚಿತ್ರಸಂಪುಟವನ್ನು ಹೊರಡಿಸುವೆನೆಂದು ೧೭೯೪ರಲ್ಲಿ ಪ್ರಕಟನೆಯನ್ನು ಕೊಟ್ಟನು. ೧೭೯೬ರಲ್ಲಿ ಗ್ರಂಥವು ಮೊದಲು ಕಾಣಿಸಿಕೊಂಡಿತು. ೧೭೯೯ರಲ್ಲಿ ಪೂರ್ಣರೂಪದಲ್ಲಿ ಹೊರಬಂದಿತು. ಹನ್ನೆರಡು ಭಾಗಗಳು, ಮೊದಲನೆಯ ಭಾಗದ ೬೬ ಚಿತ್ರಗಳಲ್ಲಿ ಜಾತಿಗಳೂ ಅವುಗಳ ವೃತ್ತಿಗಳೂ, ಮುಂದೆ ಸೇವಕರು, ಉಡುಪುಗಳು, ಬಂಡಿಗಳು, ಪಲ್ಲಕ್ಕಿಗಳು, ಫಕೀರರು, ದೋಣಿಗಳು, ಹುಕ್ಕವನ್ನು ಸೇದುವ ಬಗೆಗಳು, ೩೬ ಚಿತ್ರಗಳಲ್ಲಿ ವಾದ್ಯಗಳು, ಉತ್ಸವಗಳು.

ಗ್ರಂಥವು ಹಣಕ್ಕೆ ಒದಗಲಿಲ್ಲ. ರೇಖೆಗಳು ಒರಟು, ಬಣ್ಣಗಳು ಮಂಕು ಎಂದು ಅಂದಿನ ರಸಿಕರಿಗೆ ತೋರಿತು. ಹಾಡ್ಜಸನ ಮತ್ತು ಡೇನಿಯಲ್ಲರ ಅಕ್ವಾಟಿಂಟ್ ಚಿತ್ರಗಳು ಅವರ ಕಣ್ಣಿಗೆ ಅಭ್ಯಾಸವಾಗಿದ್ದುವು. ಅಕ್ವಾಟಿಂಟ್ ಎಂಬುದು ರಾಳದ ಪುಡಿಯನ್ನು ತಗಡಿನಮೇಲೆ ಹರಡಿ ದ್ರಾವಕದಿಂದ ನೀರುಬಣ್ಣದಂತಹ ಛಾಯೆಯನ್ನು ಪಡೆಯುವ ವಿಧಾನ. ಅಲ್ಲಿ ದೇವಾಲಯಗಳೂ ಜಲಪಾತಗಳೂ ಸಂಜೆಯ ಬೆಳಕಿನಲ್ಲಿ ತೇಲುವುವು. ಮನುಷ್ಯರು ದೃಶ್ಯದ ಪರಿಮಾಣವನ್ನು ತೋರಿಸುವುದಕ್ಕಾಗಿ ಮಾತ್ರ ಇರುವರು. ಸಾಲ್ವಿನ್ಸನಲ್ಲಿ ಇದು ತಿರುಗುಮುರುಗಾಗಿದೆ. ಮನುಷ್ಯನೇ ಮುಂದೆ ನಿಂತಿರುವನು. ಅವನ ಕೈಯಲ್ಲಿ ಅವನ ಉಪಕರಣ, ಹಿಂದೆ ಅವನ ಕೆಲಸಕ್ಕೆ ಸಂಬಂಧಪಟ್ಟ ಗುಡಿಸಲೋ ಅಂಗಡಿಯೋ ನದಿಯ ದಂಡೆಯೋ. ದೊರೆಗಳನ್ನಾಗಲಿ ಅರಮನೆಗಳನ್ನಾಗಲಿ ಬಿಟ್ಟು, ಗಾಣಿಗ, ಕುಂಬಾರ, ಬೆಸ್ತ, ಅಗಸ ಇವರಿಗೆ ಒಬ್ಬೊಬ್ಬನಿಗೆ ಒಂದೊಂದು ತಗಡನ್ನು ಮೀಸಲಿಟ್ಟ ಐರೋಪ್ಯ ಚಿತ್ರಗಾರರು ಅವನಿಗೆ ಹಿಂದೆ ಅತಿ ವಿರಳ. ಇದು ಅವನ ಗ್ರಂಥದ ಮುಖ್ಯ ಗುಣ.

೫

ಇನ್ನು ಪ್ರಮಾಣದ ವಿಚಾರ. ಪದಕ್ಕೆ ಅರ್ಥವೇನೆಂಬ ಚರ್ಚೆಯಲ್ಲಿ ಗೌತಮಮುನಿಯು ವ್ಯಕ್ತಿ, ಆಕೃತಿ, ಜಾತಿ ಈ ಮೂರನ್ನೂ ಅಂಗೀಕರಿಸಿರುವನು. ಈ ಹಸು ಎಂಬುದು ವ್ಯಕ್ತಿ. ಗಂಗೆದೊಗಲು, ಕೊಂಬು, ಬಾಲಗಳ ಸನ್ನಿವೇಶವು ಆಕೃತಿ. ಸಕಲ ಹಸುಗಳಲ್ಲಿಯೂ ಅನುಗತವಾದ ಗೋತ್ವವು ಜಾತಿ. ಸಾಲ್ವಿನ್ಸನ ಯಾವ ಚಿತ್ರವನ್ನು ತೆಗೆದುಕೊಂಡರೂ ಈ ಮೂರು ಅಲ್ಲಿ ಕೂಡಿಕೊಂಡಿರುವುವು. ಅವನ ಎದುರಿಗೆ ನಿಂತವನು ಕಲ್ಕತ್ತೆಯ ಒಬ್ಬ ವ್ಯಕ್ತಿ. ತಗಡಿನಲ್ಲಿ ಉಳಿದುದು ಆ ವ್ಯಕ್ತಿಯ ಆಕೃತಿ. ಕೆಳಗಿನ ಶೀರ್ಷಿಕೆಯು ಹೇಳುವುದು ಜಾತಿಯನ್ನು. ಇಲ್ಲಿ ಶಾಸ್ತ್ರದ ಜಾತಿಯೂ ಲೋಕದ ಜಾತಿಯೂ ಒಂದೇ ಮಾತಿನಲ್ಲಿ ಸೇರಿಹೋಗಿವೆ. ಒಬ್ಬ ಬಡ ಅಂಬಿಗನು ಹೆಸರನ್ನು ಕಳೆದುಕೊಂಡು ಅಂಬಿಗರೆಲ್ಲರೂ ಆಗಿಬಿಟ್ಟನು. ಈ ಮೂರನ್ನು ಬಿಡಿಸಿ ನೋಡಿದರೆ ಗ್ರಂಥದ ಪ್ರಾಮಾಣ್ಯವು ತಾನಾಗಿ ಇತ್ಯರ್ಥವಾಗುವುದು.

ಆಕೃತಿಯ ವಿಷಯದಲ್ಲಿ ಸಾಲ್ವಿನ್ಸನು ಬಹುಮಟ್ಟಿಗೆ ಆಪ್ತನು. ಅವನ ದೋಣಿಗಳೇ ಇದಕ್ಕೆ ಸಾಕ್ಷಿ. ನವಿಲಿನ ಮುಖವುಳ್ಳ ಮಯೂರಪಂಖಿಯಾಗಲಿ, ಸರಕನ್ನು ಸಾಗಿಸುವ ನಾವೆಗಳಾಗಲಿ, ಹಲಗೆ, ಹುಟ್ಟು, ಚುಕ್ಕಾಣಿ, ಹಾಯಿಗಳು ಎಲ್ಲಿ ಹೇಗೆ ಕೂಡುವುವೆಂಬುದನ್ನು ಹಡಗುಗಳನ್ನು ಬರೆದೇ ಬೆಳೆದ ಕೈಯು ತಪ್ಪಿಲ್ಲದೆ ತೋರಿಸಿದೆ. ಮನುಷ್ಯದೇಹವನ್ನು ಬರೆಯುವಲ್ಲಿ ಅವನ ಕೈಗೆ ಆ ಸ್ವಾಧೀನತೆಯಿಲ್ಲ. ಅಂಗಗಳು ಬಿಗಿಯಾಗಿಯೂ ಮುಖಗಳು ಒಂದನ್ನೊಂದು ಹೋಲುವಂತೆಯೂ ಇವೆ. ಭಾವ ಲಾವಣ್ಯಗಳೆಂದು ನಮ್ಮವರು ಹೇಳುವ ಚಿತ್ರಾಂಗಗಳು ಅಲ್ಲಿ ದುರ್ಬಲ. ಆದಕಾರಣ ಮುಖಗಳ ಏಕರೂಪತೆಯಿಂದ ಜನಾಂಗದ ಸ್ವಭಾವವನ್ನು ಊಹಿಸುವುದು ಅನ್ಯಾಯ. ಅದು ಚಿತ್ರಗಾರನ ಶಿಕ್ಷಣದ ಕೊರತೆ. ವಾದ್ಯಗಳ ಚಿತ್ರಗಳು ಇವೆರಡರ ನಡುವೆ ನಿಲ್ಲುವುವು. ವಾದ್ಯವೂ ದೋಣಿಯಂತೆ ಮರದ ರಚನೆಯಾದುದರಿಂದ ಅದರ ರೂಪವನ್ನು ಗಮನವಿಟ್ಟು ಬರೆದಿರುವನು. ಹಾರ್ಡ್‌ಗ್ರೇವ್ ಮತ್ತು ಸ್ಲಾವೆಕ್ ಎಂಬ ವಿದ್ವಾಂಸರು ೧೯೯೭ರಲ್ಲಿ ಈ ಚಿತ್ರಗಳನ್ನೇ ಆಧಾರವಾಗಿಟ್ಟುಕೊಂಡು ಉತ್ತರದೇಶದ ವಾದ್ಯಗಳನ್ನು ಕುರಿತು ಪುಸ್ತಕವನ್ನು ರಚಿಸಿರುವುದು ಯುಕ್ತವಾಗಿದೆ.

ಜಾತಿಯ ವಿಷಯಕ್ಕೆ ಬಂದರೆ ಆಪ್ತತ್ವವು ಸಡಿಲವಾಗುತ್ತದೆ. ಗ್ರಂಥದ ಹೆಸರು ಹಿಂದೂಗಳದು. ಒಳಗಿರುವವರು ಬಹುಮಟ್ಟಿಗೆ ಕಲ್ಕತ್ತೆ ಮತ್ತು ಅದರ ಸುತ್ತಲಿನವರು. ಇದಕ್ಕೆ ಅವನ ಶೀರ್ಷಿಕೆಗಳ ಅಕ್ಷರಗಳೇ ಸಾಧಕ. ಸಹಗಮನವೆಂಬ ಪದವು ಅವನ ಬರಹದಲ್ಲಿ ‘ಶೋಹೋಗೋಮೋನ್’ ಎಂದಾಗಿದೆ. ಸಕಾರವು ಶಕಾರವಾಗುವುದೂ ಅಕಾರವು ಓಕಾರದ ಕಡೆಗೆ ವಾಲುವುದೂ ವಂಗದ ನಾಲಗೆಯ ಲಕ್ಷಣ. ಅವನು ಸಂಸ್ಕೃತ ಗ್ರಂಥಗಳಿಂದ ಪದಗಳನ್ನು ಎತ್ತಿದವನಲ್ಲ, ಬೀದಿಯಲ್ಲಿ ಕಿವಿಯಿಂದ ಕೇಳಿದವನು ಎಂಬುದು ಇದರಿಂದ ಸ್ಪಷ್ಟ. ಇದು ಅವನ ಪ್ರಾಮಾಣಿಕತೆಗೆ ಸಾಕ್ಷಿಯಾಗುವಂತೆಯೇ ಅವನ ಸಾಕ್ಷ್ಯದ ಎಲ್ಲೆಯನ್ನೂ ಗುರುತಿಸುತ್ತದೆ. ಗಂಗೆಯ ಮುಖಜಭೂಮಿಯ ಚಿತ್ರವನ್ನು ಕಾವೇರಿಯ ತೀರಕ್ಕೆ ಅನ್ವಯಿಸುವುದು ಅತಿವ್ಯಾಪ್ತಿ.

ಜಾತಿಗಳನ್ನು ಒಂದರ ಕೆಳಗೊಂದು ಸಾಲಾಗಿ ನಿಲ್ಲಿಸಿರುವುದು ಇನ್ನೊಂದು ತೊಡಕು. ಬೀದಿಯಲ್ಲಿ ಕಂಡ ಜನರು ಸಾಲಾಗಿ ನಿಂತಿರಲಿಲ್ಲ, ಸಾಲು ಗ್ರಂಥದ್ದು. ತಗಡುಗಳಿಗೆ ಸಂಖ್ಯೆಯನ್ನು ಹಾಕಿದೊಡನೆಯೇ ಮೇಲುಕೀಳುಗಳು ಕಣ್ಣಿಗೆ ಕಾಣುವ ವಸ್ತುಗಳಂತೆ ಆಗುವುವು. ಅದರ ಮುಂದಿನ ಭಾಗದಲ್ಲಿ ಐರೋಪ್ಯರ ಮನೆಗಳ ಸೇವಕರಿಗೆ ಅಷ್ಟು ಸ್ಥಳವು ದೊರೆತುದೂ ವಿಚಾರಾರ್ಹ. ಪರದೇಶದವನಿಗೆ ಬಾಗಿಲಲ್ಲಿ ಎದುರಾಗುವವನು ಸೇವಕನೇ. ಕಂಡುದನ್ನು ಬರೆದನೆಂಬುದು ನಿಜ. ಆದರೆ ಏನನ್ನು ಕಾಣುವುದು ಸಾಧ್ಯವಾಯಿತೆಂಬುದನ್ನು ಅವನ ನೆಲೆಯು ನಿರ್ಣಯಿಸಿತು.

ಸಹಗಮನಕ್ಕೆ ಸಂಬಂಧಪಟ್ಟ ಎಚ್ಚಿಂಗ್‌ಗಳು ನಾಲ್ಕು. ಇವನ್ನು ಕುರಿತು ಎರಡು ಮಾತುಗಳನ್ನು ಹೇಳಬೇಕು. ಆ ಕ್ರೂರಾಚಾರವು ಅಂದು ಬಂಗಾಳದಲ್ಲಿ ನಡೆಯುತ್ತಿದ್ದುದು ಸತ್ಯ; ೧೮೨೯ರಲ್ಲಿ ಬೆಂಟಿಂಕನ ಶಾಸನದಿಂದ ನಿಷಿದ್ಧವಾಯಿತು. ಅದನ್ನು ಮರೆಮಾಚಬೇಕೆಂದು ಯಾವ ವಿಮರ್ಶಕನೂ ಹೇಳಬಾರದು. ಆದರೆ ಗ್ರಂಥದಲ್ಲಿ ಒಂದು ಆಚಾರಕ್ಕೆ ದೊರೆತ ತಗಡುಗಳ ಸಂಖ್ಯೆಯು ಲೋಕದಲ್ಲಿ ಆ ಆಚಾರವು ನಡೆದ ಸಂಖ್ಯೆಗೆ ಅಳತೆಯಲ್ಲ. ನಿತ್ಯವೂ ಸಹಸ್ರಾರು ಮನೆಗಳಲ್ಲಿ ನಡೆಯುವ ದೇವರಪೂಜೆಗಿಂತ ಅಪರೂಪವಾದ ಚಿತೆಯು ಕೊಳ್ಳುವವನ ಕಣ್ಣನ್ನು ಹೆಚ್ಚಾಗಿ ಸೆಳೆಯುವುದು. ಚಿತ್ರಸಂಪುಟದಲ್ಲಿ ವಿರಳವು ಬಹುಳವಾಗಿಯೂ ಬಹುಳವು ವಿರಳವಾಗಿಯೂ ತೋರುವುದು ಈ ಜಾತಿಯ ಗ್ರಂಥಗಳಿಗೆಲ್ಲ ಸಾಧಾರಣವಾದ ದೋಷ.

೬

ಇನ್ನು ಪಾಠಾಂತರಗಳು. ಲಂಡನ್ನಿನ ಪ್ರಕಾಶಕನಾದ ಎಡ್ವರ್ಡ್ ಓರ್ಮನು ಸಾಲ್ವಿನ್ಸನ ಅನುಮತಿಯಿಲ್ಲದೆ ಅವನ ಚಿತ್ರಗಳಲ್ಲಿ ೬೦ನ್ನು ಆರಿಸಿ ಬೇರೆ ತಗಡುಗಳಲ್ಲಿ ಪುನಃ ತೆಗೆಯಿಸಿ, ಹಿಂದೂಸ್ತಾನದ ಉಡುಪುಗಳು ಎಂಬರ್ಥದ ಹೆಸರಿನಿಂದ ೧೮೦೪ರಿಂದ ಮಾರಿದನು. ೧೮೦೭ರಲ್ಲಿ ಅದು ಮತ್ತೆ ಅಚ್ಚಾಯಿತು. ಇಲ್ಲಿ ಒರಟು ರೇಖೆಗಳು ಮಾಯವಾಗಿ ಮೃದುವಾದ ಮೈಗಳೂ ಹೊಳೆಯುವ ಬಣ್ಣಗಳೂ ಬಂದುವು. ಕಲ್ಕತ್ತೆಯ ಪ್ರತಿಯಲ್ಲಿ ದುಡಿಯುತ್ತಿದ್ದವನು ಲಂಡನ್ನಿನ ಪ್ರತಿಯಲ್ಲಿ ವೇಷವನ್ನು ತೊಟ್ಟು ನಿಂತಿರುವನು. ಗ್ರಂಥದ ಹೆಸರಿನಲ್ಲಿಯೂ ಇದೇ ಮಾರ್ಪಾಟು: ಆಚಾರ, ವೃತ್ತಿಗಳು ಹಿಂದೆ ಸರಿದು ಉಡುಪೊಂದೇ ಉಳಿಯಿತು. ಓರ್ಮನ ಕೆಲಸಗಾರರು ಬಂಗಾಳದಲ್ಲಿ ಕುಳಿತು ಬರೆದವರಲ್ಲ. ಅವರ ಪ್ರತ್ಯಕ್ಷವು ಸಾಲ್ವಿನ್ಸನ ಕಾಗದ ಮಾತ್ರ. ಪಾಠಶೋಧಕರ ಮಾತಿನಲ್ಲಿ ಹೇಳುವುದಾದರೆ ಇದು ಮೂಲವನ್ನು ಬಿಟ್ಟು ಸುಲಭವಾದ ಪಾಠವನ್ನು ಕಲ್ಪಿಸಿಕೊಂಡ ಲಿಪಿಕಾರನ ಪ್ರತಿ. ಓದುವುದಕ್ಕೆ ಹಿತವಾಗಿದೆ ಎಂಬುದೇ ಅದನ್ನು ಶಂಕಿಸುವುದಕ್ಕೆ ಕಾರಣ. ವಿಧಿವೈಪರೀತ್ಯವೆಂದರೆ, ಮೂಲವು ಮಾರಾಟವಾಗದೆ ಉಳಿದಾಗ ಈ ಪ್ರತಿಯು ಮಾರಾಟವಾಯಿತು.

ಸಾಲ್ವಿನ್ಸನು ಯೂರೋಪಿಗೆ ಹಿಂದಿರುಗಿ ೧೮೦೮ರಿಂದ ೧೮೧೨ರ ವರೆಗೆ ಪ್ಯಾರಿಸಿನಲ್ಲಿ ‘ಲೆ ಹಿಂದೂ’ ಎಂಬ ನಾಲ್ಕು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದನು. ಚಿತ್ರಗಳು ೨೮೮, ವಿವರಣೆಯು ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಇದೆ. ಇಲ್ಲಿಯೂ ತಗಡುಗಳನ್ನು ಅವನೇ ತೆಗೆದನು. ರೇಖೆಯು ಪಳಗಿದೆ, ಹಿಂದಿನ ದೃಶ್ಯಗಳು ತುಂಬಿಕೊಂಡಿವೆ, ಉತ್ಸವಗಳಿಗೆ ದೊಡ್ಡ ತಗಡುಗಳು ಬಂದಿವೆ. ಹೀಗೆ ತುಂಬಿದುದರಲ್ಲಿ ಸ್ಮೃತಿಯ ಪಾಲೂ ಸೇರಿದೆ ಎಂಬುದನ್ನು ಮರೆಯಬಾರದು. ನದಿಯು ಎದುರಿಗಿರಲಿಲ್ಲ, ಕಲ್ಕತ್ತೆಯ ಚಿತ್ರಗಳೂ ನೆನಪೂ ಎದುರಿಗಿದ್ದುವು. ಯುದ್ಧದಿಂದ ತಲ್ಲಣಿಸುತ್ತಿದ್ದ ಯೂರೋಪಿನಲ್ಲಿ ಬಹುಮೂಲ್ಯವಾದ ಈ ಗ್ರಂಥವೂ ಮಾರಾಟವಾಗದೆ ಅವನ ಪತ್ನಿಯ ಧನವೂ ಕರಗಿತು. ನೆದರ್ಲೆಂಡಿನ ದೊರೆಯು ಅವನಿಗೆ ಆಂಟ್‌ವರ್ಪಿನ ರೇವಿನ ಅಧಿಕಾರವನ್ನು ಕೊಟ್ಟನು. ೧೮೨೪ರಲ್ಲಿ ಅಲ್ಲಿಯೇ ತೀರಿಕೊಂಡನು.

ರಾಬರ್ಟ್ ಹಾರ್ಡ್‌ಗ್ರೇವರು ೨೦೦೪ರಲ್ಲಿ ಪ್ರಕಟಿಸಿದ ಮಹಾಗ್ರಂಥವು ಸಾಲ್ವಿನ್ಸನನ್ನು ಮರವೆಯಿಂದ ಎತ್ತಿತು. ಕಂಪೆನಿ ಶೈಲಿಯ ಭಾರತೀಯ ಚಿತ್ರಗಾರರು ಬರೆಯುತ್ತಿದ್ದ ಜಾತಿವೃತ್ತಿಗಳ ಚಿತ್ರಮಾಲೆಗಳಿಗೆ ಇವನ ತಗಡುಗಳು ಮಾದರಿಯಾದುವೆಂದು ಅವರು ಸೂಚಿಸಿರುವರು. ಹಾಗಾದರೆ ಪರಕೀಯನು ಕಲ್ಪಿಸಿದ ಸಾಲಿನಲ್ಲಿ ನಮ್ಮವರೇ ನಮ್ಮವರನ್ನು ನಿಲ್ಲಿಸಿದಂತಾಯಿತು.

೭

ಕನ್ನಡನಾಡಿಗೂ ಈ ವಿಚಾರವು ದೂರವಲ್ಲ. ಕಾರ್ನ್‌ವಾಲೀಸನ ಸೇನೆಯೊಡನೆ ಬಂದ ರಾಬರ್ಟ್ ಹೋಮನು ಮೈಸೂರು ಸೀಮೆಯ ದೃಶ್ಯಗಳನ್ನು ೧೭೯೪ರಲ್ಲಿ ಪ್ರಕಟಿಸಿದನು. ಜೇಮ್ಸ್ ಹಂಟರನು ಬರೆದ ಮೈಸೂರಿನ ೪೦ ಚಿತ್ರಗಳನ್ನು ಲಂಡನ್ನಿನಲ್ಲಿ ೧೮೦೫ರಲ್ಲಿ ಹೊರಡಿಸಿದವನು ಮೇಲೆ ಹೇಳಿದ ಓರ್ಮನೇ. ಶ್ರೀರಂಗಪಟ್ಟಣ, ಬೆಂಗಳೂರುಗಳ ಚರಿತ್ರೆಯನ್ನು ಬರೆಯುವವರು ಈ ಚಿತ್ರಗಳನ್ನು ಎತ್ತಿಕೊಳ್ಳುವಾಗ ತಗಡಿನ ಕೆಳಗಣ ಸಣ್ಣಕ್ಷರಗಳನ್ನು ಓದುವುದು ಅವಶ್ಯ. ಬರೆದವನೊಬ್ಬ, ಕೊರೆದವನೊಬ್ಬ, ಪ್ರಕಟಿಸಿದವನೊಬ್ಬ ಎಂದು ಅಲ್ಲಿ ಸಾಮಾನ್ಯವಾಗಿ ನಮೂದಾಗಿರುವುದು. ತಾಮ್ರಶಾಸನಗಳ ಅಂತ್ಯದಲ್ಲಿ ರಚಿಸಿದ ಕವಿಯನ್ನೂ ಬರೆದ ಲೇಖಕನನ್ನೂ ಕೆತ್ತಿದ ರೂವಾರಿಯನ್ನೂ ಬೇರೆಬೇರೆಯಾಗಿ ಗುರುತಿಸುವ ಶಾಸನತಜ್ಞರಿಗೆ ಇದು ಹೊಸ ಪಾಠವಲ್ಲ.

ಆದುದರಿಂದ ಸಿದ್ಧಾಂತವಿಷ್ಟು. ಅನ್ಯದೇಶದವನ ಚಿತ್ರವೆಂಬ ಒಂದೇ ಕಾರಣದಿಂದ ಅದು ಗ್ರಾಹ್ಯವೂ ಅಲ್ಲ, ತ್ಯಾಜ್ಯವೂ ಅಲ್ಲ. ಕಂಡವನೇ ತಗಡನ್ನು ತೆಗೆದನೇ, ಕಾಣದವನು ಪ್ರತಿಮಾಡಿದನೇ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಕಂಡವನೇ ಆದರೆ, ಅವನ ಕೈಗೆ ಯಾವ ವಸ್ತುವಿನಲ್ಲಿ ಪರಿಣತಿಯುಂಟೋ ಆ ವಸ್ತುವಿನ ಆಕೃತಿಯಲ್ಲಿ ಅವನನ್ನು ನಂಬಬೇಕು. ಶೀರ್ಷಿಕೆಯ ಜಾತಿಯನ್ನೂ ಸಂಪುಟದ ಕ್ರಮವನ್ನೂ ತಗಡುಗಳ ಸಂಖ್ಯೆಯನ್ನೂ ಬೇರೆ ಪ್ರಮಾಣಗಳೊಡನೆ ಹೋಲಿಸದೆ ಅಂಗೀಕರಿಸಬಾರದು. ಎಡಬಲಗಳ ವಿಷಯದಲ್ಲಿ ಸದಾ ಎಚ್ಚರವಿರಬೇಕು. ಈ ಪರೀಕ್ಷೆಯಲ್ಲಿ ಸಾಲ್ವಿನ್ಸನ ಒರಟು ತಗಡುಗಳು ಓರ್ಮನ ಸುಂದರವಾದ ಪ್ರತಿಗಳಿಗಿಂತ ಎಷ್ಟೋ ಮೇಲಾಗಿ ನಿಲ್ಲುವುವು. ಪಾಠ್ಯಪುಸ್ತಕಗಳಿಗೆ ಚಿತ್ರಗಳನ್ನು ಆರಿಸುವ ಅಧ್ಯಾಪಕರು ಬಣ್ಣದ ಸೊಗಸನ್ನು ನೋಡಿ ಲಂಡನ್ನಿನ ಪ್ರತಿಯನ್ನು ಹಿಡಿಯದೆ, ಕಲ್ಕತ್ತೆಯ ಅಥವಾ ಪ್ಯಾರಿಸಿನ ಪ್ರತಿಯನ್ನು ಹಿಡಿದು, ಕೆಳಗೆ ಸ್ಥಳವನ್ನೂ ವರ್ಷವನ್ನೂ ತಗಡನ್ನು ತೆಗೆದವನ ಹೆಸರನ್ನೂ ನಮೂದಿಸುವುದು ಉಚಿತ. ಹಾಗೆ ಮಾಡಿದರೆ ವಿದ್ಯಾರ್ಥಿಯು ಆ ಚಿತ್ರದಲ್ಲಿ ಹಿಂದೂಗಳೆಲ್ಲರನ್ನೂ ನೋಡುವ ಭ್ರಾಂತಿಗೆ ಒಳಗಾಗದೆ, ೧೭೯೦ರ ದಶಕದಲ್ಲಿ ಹೂಗ್ಲಿ ನದಿಯ ದಂಡೆಯಮೇಲೆ ಫ್ಲೆಮಿಷ್ ಚಿತ್ರಗಾರನೊಬ್ಬನ ಎದುರಿಗೆ ಸ್ವಲ್ಪ ಹೊತ್ತು ನಿಂತಿದ್ದ ಒಬ್ಬ ಅಂಬಿಗನನ್ನು ನೋಡುವನು.